ಸಾರುವೆ ಬಿಚ್ಚುವವರ ಮನೆಯ ಹುಡುಗಿ

ಪಟ್ಟಿಯಕ್ಕನ ತಂದೆಯ ಕಡೆಯ ಮುತ್ತಜ್ಜ ಕಟ್ಟಡಗಳಿಗೆ ಸಾರುವೆ ಕಟ್ಟುವವನು. ಗಳ, ಹಗ್ಗ, ಹಲಗೆ, ಇಷ್ಟೇ ಅವನ ಬಂಡವಾಳ. ನಾಲ್ಕು ಅಂತಸ್ತಿನ ಎತ್ತರದಲ್ಲಿ ಅವನು ಕಟ್ಟಿದ ಹಲಗೆಗಳ ಮೇಲೆ ಗಾರೆಯವರು ಅಂಗಳದಲ್ಲಿ ಓಡಾಡಿದಂತೆ ಓಡಾಡುತ್ತಿದ್ದರು. ಒಮ್ಮೆ ಒಂದು ತುಂಡು ಗಳ ಗೋಡೆಯ ತೂತಿನಲ್ಲೇ ಉಳಿದುಹೋಯಿತು. ಮನೆಯವರು ಸಂಸಾರ ಹೂಡಿ ಆರು ತಿಂಗಳಾಗಿತ್ತು, ಯಾರೂ ಕೇಳಿರಲಿಲ್ಲ. ಇವನೇ ಏಣಿ ಹೊತ್ತು ಹೋಗಿ, ಅದನ್ನು ಕಿತ್ತು, ತೂತು ಮೆತ್ತಿ ಬಂದ.

ತಾಯಿಯ ಕಡೆಯ ಅಜ್ಜಿ, ಅಂದರೆ ನನ್ನ ಹೆತ್ತವ್ವ, ಬಟ್ಟೆ ಹೊಲಿಯುತ್ತಿದ್ದಳು. ಗಟ್ಟಿ ಹೊಲಿಗೆ ಬೀಳುವ ತನಕ ತುಂಡುಗಳನ್ನು ಹಿಡಿದಿಡಲು ಹಾಕುವ ಹುಸಿ ಹೊಲಿಗೆಗೆ ಕೆಂಪು ದಾರವೇ ಆಗಬೇಕು. ಬಟ್ಟೆ ಕೆಂಪಾದರೆ ಮಾತ್ರ ಬಿಳಿ. ತೊಡುವವರ ಮೈಗೆ ಹೋಗುವ ಮೊದಲು ಒಂದೆಳೆಯೂ ಉಳಿಯದಂತೆ ತಾನೇ ಬಿಚ್ಚುತ್ತಿದ್ದಳು. ಆ ಕೆಲಸವನ್ನು ನನ್ನ ಕೈಗಾಗಲಿ ನನ್ನ ತಂಗಿಯ ಕೈಗಾಗಲಿ ಕೊಟ್ಟವಳಲ್ಲ.

ನೂಲಿನಂತೆ ಸೀರೆ. ಆ ತಂಗಿಯ ಮಗಳೇ ಈ ಪಟ್ಟಿಯಕ್ಕ. ಸೈಕಲ್ ಅಂಗಡಿಯ ಮೇಲಿನ ಕಚೇರಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಐದು ಜನರಲ್ಲಿ ಒಬ್ಬಳು. ಇಂದಿನ ಪ್ರೋಗ್ರಾಮನ್ನು ಯಾರೂ ತಳದಿಂದ ತಾವೇ ಬರೆಯುವುದಿಲ್ಲ. ಬೇರೆಯವರು ಮಾಡಿಟ್ಟ ತುಣುಕುಗಳನ್ನು ತಂದು ಸೇರಿಸುತ್ತಾರೆ. ಅವಕ್ಕೆ ಎರಡು ಪಟ್ಟಿ. ಪ್ರೋಗ್ರಾಂ ಓಡಲು ಬೇಕಾದವು ಮೊದಲನೆಯದರಲ್ಲಿ. ಕಟ್ಟುವವರಿಗೆ ಮಾತ್ರ ಬೇಕಾದವು, ಪರೀಕ್ಷೆ ಮಾಡುವವು, ತಪ್ಪು ಹುಡುಕುವವು, ಎರಡನೆಯದರಲ್ಲಿ. ಪ್ರೋಗ್ರಾಂ ಗಿರಾಕಿಗೆ ಹೋಗುವಾಗ ಎರಡನೆಯದು ಕಚೇರಿಯ ಬಾಗಿಲು ದಾಟಬಾರದು. ಏಳನೇ ತರಗತಿಗೆ ಶಾಲೆ ಬಿಟ್ಟು, ಕಂಪ್ಯೂಟರನ್ನು ಬಿಚ್ಚಿ ಜೋಡಿಸಿಯೇ ಕಲಿತ ನನಗೆ ಇದು ಒಂದೇ ಸಲಕ್ಕೆ ತಿಳಿಯಿತು. ಕಚೇರಿಯವರಿಗೆ ಮೂರು ವರ್ಷ ಹೇಳಬೇಕಾಯಿತಂತೆ. ಹೇಳಿ ಹೇಳಿಯೇ ಅವಳಿಗೆ ಪಟ್ಟಿಯಕ್ಕ ಎಂಬ ಹೆಸರು ಬಿತ್ತು.

ಅವಳದೊಂದು ಪದ್ಧತಿ ಇತ್ತು. ಏನೇ ಕಳಿಸುವ ಮೊದಲು, ಏನೂ ಇಲ್ಲದ ಒಂದು ಹಳೆಯ ಕಂಪ್ಯೂಟರಿಗೆ ಮೊದಲನೇ ಪಟ್ಟಿಯದನ್ನು ಮಾತ್ರ ಹಾಕಿ ಓಡಿಸಿ ನೋಡುವುದು. ಆ ವಾರ ಆ ಕಂಪ್ಯೂಟರು ಫ್ಯಾನು ಕೆಟ್ಟು ನನ್ನ ರಿಪೇರಿ ಅಂಗಡಿಗೆ ಬಂದಿತ್ತು. ನಾನು ಇವತ್ತು ನಾಳೆ ಎಂದು ನಾಲ್ಕು ದಿನ ತಳ್ಳಿದೆ. ಒಪ್ಪಿಸುವ ದಿನ ಬಂದುಬಿಟ್ಟಿತು, ಅವಳು ಪರೀಕ್ಷಿಸದೆ ಕಳಿಸಿದಳು.

ಹೋದದ್ದು ಡಯಾಲಿಸಿಸ್ ಕೇಂದ್ರಕ್ಕೆ. ಯಾರ ಪಾಳಿ, ಯಾವ ಹಾಸಿಗೆ ಎಂದು ದೊಡ್ಡ ಅಕ್ಷರದಲ್ಲಿ ತೋರಿಸುವ ಪರದೆ. ಮಧ್ಯಾಹ್ನ ಅಲ್ಲಿಯ ನರ್ಸ್ ಫೋನ್ ಮಾಡಿದರು.

"ಪರದೆ ಬೆಳ್ಳಗೆ ಕೂತಿದೆ ಕಣಮ್ಮ. ಹಳೇದನ್ನ ತೆಗೆದುಬಿಟ್ಟಿದೀವಿ. ನಾಳೆ ಏಳು ಗಂಟೆಗೆ ಜನ ಬರ್ತಾರೆ. ಅರ್ಧ ಜನಕ್ಕೆ ಕೂಗಿದ್ರೆ ಕಿವಿ ಕೇಳಲ್ಲ."

ಕಚೇರಿಯ ಐದೂ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಕುದುರೆಯಂತೆ ಓಡುತ್ತಿತ್ತು. ಮೇಲ್ವಿಚಾರಕರು ಹೇಳಿದರು, "ನಮ್ಮಲ್ಲಿ ಓಡ್ತಿದೆಯಲ್ಲ. ಅವರ ಕಂಪ್ಯೂಟರೇ ಕೆಟ್ಟಿರಬೇಕು."

"ಅಡುಗೆಮನೇಲಿ ಉಪ್ಪಿದೆ ಅಂದ್ರಾಯ್ತಾ ಸರ್? ಊಟಕ್ಕೆ ಕೂತವರ ತಟ್ಟೆಗೆ ಬರಬೇಕಲ್ಲ."

"ಹಾಗಿದ್ರೆ ಎರಡೂ ಪಟ್ಟಿ ಸೇರಿಸಿ ಕಳಿಸಿಬಿಡು. ತಲೆನೋವು ಕಳೀತು."

"ಅವರ ಹಳೇ ಡಬ್ಬ ಅಷ್ಟನ್ನ ಹೊರಲ್ಲ. ಹೊತ್ರೂ, ಸಾರುವೆ ಸಮೇತ ಮನೆ ಒಪ್ಪಿಸೋದು ನಮ್ಮ ವಂಶದಲ್ಲಿಲ್ಲ."

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದಳು. ಬೈದಿದ್ದರೆ ವಾಸಿ ಇತ್ತು. ಸ್ಟೂಲ್ ಎಳೆದು ನನ್ನ ಕೈ ನೋಡುತ್ತಾ ಕೂತಳು. ಅರ್ಧ ಗಂಟೆಯಲ್ಲಿ ಫ್ಯಾನು ತಿರುಗಿತು.

"ಇಷ್ಟಕ್ಕೆ ನಾಲ್ಕು ದಿನ ಬೇಕಾಯ್ತಾ, ಮಾಮ?"

"ಮೂರೂವರೆ ದಿನ ಯೋಚನೆ ಮಾಡ್ತಿದ್ದೆ ಕಣೆ."

ಅವಳು ಮೊದಲನೇ ಪಟ್ಟಿಯದನ್ನು ಮಾತ್ರ ಹಾಕಿದಳು. ಪರದೆ ಇಲ್ಲೂ ಬಿಳಿ. ಕೆಳಗೊಂದು ಸಾಲು ಬಂತು: ಗಂಟೆ ನಿಮಿಷ ಲೆಕ್ಕ ಹಾಕುವ ಒಂದು ಪುಟ್ಟ ತುಣುಕು ಸಿಗುತ್ತಿಲ್ಲ. ಅವಳು ಹಣೆಗೆ ಕೈ ಇಟ್ಟಳು.

"ಇದನ್ನ ತಂದೋಳು ನಾನೇ. ಪರೀಕ್ಷೆಗೆ ಮಾತ್ರ ಅಂತ ಎರಡನೇ ಪಟ್ಟೀಲಿಟ್ಟೆ. ಆಮೇಲೆ ನಮ್ಮ ಕಚೇರಿಯ ಕನ್ನಡಕದವನು ಅದನ್ನೇ ಪಾಳಿ ತೋರಿಸೋಕೂ ಬಳಸಿದ. ನಮ್ಮ ಕಂಪ್ಯೂಟರಲ್ಲಿ ಎರಡೂ ಪಟ್ಟಿ ಇರುತ್ತಲ್ಲ, ಯಾರಿಗೂ ಗೊತ್ತಾಗ್ಲಿಲ್ಲ."

"ಹಾಗಾದ್ರೆ ತಪ್ಪು ಅವನದು."

"ಅವನು ಬಳಸಿದ್ದನ್ನ ನೋಡಿ ಸೈ ಅಂದೋಳೂ ನಾನೇ."

ಒಂದು ಸಾಲನ್ನು ಎರಡನೇ ಪಟ್ಟಿಯಿಂದ ತೆಗೆದು ಮೊದಲನೆಯದಕ್ಕೆ ಸೇರಿಸಿದಳು. ಪರದೆಯ ಮೇಲೆ ಹಾಸಿಗೆಗಳ ಸಾಲು ಮೂಡಿತು. ಸರಿಪಡಿಸಿದ್ದನ್ನು ಕೇಂದ್ರಕ್ಕೆ ಕಳಿಸಿದಳು. ಐದೂಕಾಲಿಗೆ ನರ್ಸ್ ಫೋನ್ ಮಾಡಿ, "ಬಂತು ಕಣಮ್ಮ, ಬಾಗಿಲಲ್ಲಿ ನಿಂತ್ರೂ ಓದಬಹುದು" ಎಂದರು.

ಇನ್ನು ಮನೆಗೆ ಹೊರಟಾಳು ಎಂದುಕೊಂಡೆ. ಅವಳು ಎರಡನೇ ಪಟ್ಟಿಯನ್ನು ತೆರೆದು, ತೊಂಬತ್ತು ಚಿಲ್ಲರೆ ಸಾಲುಗಳಲ್ಲಿ ಒಂದೊಂದನ್ನೂ ಯಾರು ಎಲ್ಲಿ ಬಳಸಿದ್ದಾರೆ ಎಂದು ಹುಡುಕತೊಡಗಿದಳು. ಒಂದು ತಪ್ಪಿದರೆ ಇನ್ನೊಂದೂ ತಪ್ಪಿರಬಹುದು. ಕನ್ನಡಕದವನು ಫೋನಿನಲ್ಲಿ, ಅರ್ಧ ತಾನು ನೋಡುತ್ತೇನೆ ಎಂದ. ಬೇಡ ಎಂದಳು. ನಾಲ್ಕು ದಿನದ ಪಾಪ ನನ್ನ ತಲೆಯ ಮೇಲಿತ್ತಲ್ಲ, ಕೈ ಒರೆಸಿಕೊಂಡು ನಾನೂ ಸ್ಟೂಲ್ ಎಳೆದೆ.

"ನಾನು ಓದ್ತಾ ಹೋಗ್ತೀನಿ, ನೀನು ಗುರುತು ಹಾಕ್ಕೋ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಬೇಡ ಮಾಮ. ಅಜ್ಜಿ ಕೆಂಪು ದಾರ ಯಾರ ಕೈಗೂ ಕೊಡ್ತಿರ್ಲಿಲ್ಲ ಅಂತ ನೀನೇ ಹೇಳಿದ್ದು. ಗಂಟು ಎಲ್ಲೆಲ್ಲಿದೆ ಅನ್ನೋದು ಹಾಕಿದೋರಿಗೇ ಗೊತ್ತು. ನೀನು ಆ ಫ್ಯಾನ್ ನೋಡು, ಇನ್ನೂ ಕಿರ್ ಅಂತಿದೆ."