ರಾಣಿಯ ಮೀಸೆ

ಮೊನ್ನೆ ಬೆಳಿಗ್ಗೆ ಸ್ಟೇಷನ್ ರಸ್ತೆಯ ಕ್ಷೌರದಂಗಡಿಗೆ ಹೋದೆ. ನನಗಿಂತ ಮೊದಲೇ ಅಲ್ಲಿ ಮಂಗಲೆ ಮಹಾರಾಣಿ ಬಂದು ಕೂತಿದ್ದಳು. ಮುಖದ ತುಂಬ ಸೋಪಿನ ನೊರೆ. ಮೀಸೆ ಬೋಳಿಸಿಕೊಳ್ಳುತ್ತಿದ್ದಳು.

ನಗಬೇಡಿ. ನಾನೂ ನಗಲಿಲ್ಲ. ಅರ್ಧ ಮೀಸೆ ಹೋಗಿತ್ತು, ಅರ್ಧ ಇತ್ತು. ಕನ್ನಡಿಯಲ್ಲಿ ನನ್ನ ಮುಖ ಕಂಡು ಅವಳು (ಸರಿ, ಇನ್ನು ಅವನು ಎನ್ನೋಣ) ಕಣ್ಣು ತಗ್ಗಿಸಿದ.

"ಬಸಲಿಂಗಪ್ಪಾ, ಇದೇನಪಾ?" ಎಂದೆ.

"ಪಾರ್ಟ್ ತಿರುಗಿ ನನಗಽ ಬಂತ್ರಿ" ಎಂದ. ಅಷ್ಟು ಹೇಳಲು ಅವನಿಗೆ ಎರಡು ಸಲ ಕೆಮ್ಮು ಬಂತು.

ಬಸಲಿಂಗಪ್ಪ ಯಾರೆಂದು ಕಲಬುರಗಿಯವರಿಗೆ ಹೇಳಬೇಕಿಲ್ಲ. ದೂರದೂರಿನ ಓದುಗರಿಗಾಗಿ ಹೇಳುತ್ತೇನೆ. 'ಸಂಗೀತ ವನಮಂಗಲೆ' ಎಂಬ ನಾಟಕದಲ್ಲಿ ಮೊದಲ ಆಟದಿಂದಲೂ ರಾಣಿ ಮಂಗಲೆಯ ಪಾರ್ಟು ಮಾಡಿದವನು ಇವನು. ನಮ್ಮ ಕಡೆಯ ಹೆಂಗಸರು ಸೆರಗು ಹೊದೆಯುವುದನ್ನು ಇವನನ್ನು ನೋಡಿ ಕಲಿತರು ಎಂದರೆ ಸುಳ್ಳಲ್ಲ. ನನ್ನ ಹೆಂಡತಿಯೂ ಕಲಿತಿದ್ದಾಳೆ. (ಒಪ್ಪುವುದಿಲ್ಲ, ಆ ಮಾತು ಬೇರೆ.)

ಆ ನಾಟಕದ ಕಥೆಯೇ ಒಂದು ನಾಟಕ. ಅದನ್ನು ಮೊದಲು ಆಡಿದ್ದು ಇಲ್ಲಿಯ ಒಂದು ಹತ್ತಿ ಜಿನ್ನಿನ ಗಿರಣಿಯ ಅಂಗಳದಲ್ಲಿ. ಆಗ ಅದರಲ್ಲಿ ರಾಜನನ್ನು ಗದ್ದುಗೆಯಿಂದ ಇಳಿಸುವ ಸೀನ್ ಇತ್ತು. ಅರಸರೇ ಆಳುವ ನಮ್ಮ ಸೀಮೆಯಲ್ಲಿ ಕೂತು ರಾಜನನ್ನು ಇಳಿಸುವುದೇ? ಪರವಾನಗಿ ಕೊಡುವ ಸಾಹೇಬರು ಉರ್ದುವಿನಲ್ಲಿ ಕಥೆ ಹೇಳಿಸಿಕೊಂಡರು, ಹುಬ್ಬು ಗಂಟಿಕ್ಕಿದರು. ಮರುದಿನದಿಂದಲೇ ರಾಜ ತಾನಾಗಿ ಕಾಶಿಯಾತ್ರೆಗೆ ಹೊರಟುಬಿಟ್ಟ. (ಇದನ್ನು ಇಷ್ಟಕ್ಕೇ ಬಿಡುತ್ತೇನೆ. ಪತ್ರಿಕೆಗೂ ಪರವಾನಗಿ ಬೇಕು.) ಹಾಡಿನ ಮಟ್ಟುಗಳು ಸೊಲ್ಲಾಪುರದ ಕಡೆಯಿಂದ ಬಂದವು. ಮುಂದಿನ ಕುರ್ಚಿಯ ಸಾಹೇಬರಿಗಾಗಿ ನಡುವೆ ಒಂದು ಗಜಲ್ ಸೇರಿತು. ಅಡವಿಯಲ್ಲಿ ಗಜಲ್ ಹಾಡುವವರು ಯಾರು? ಒಬ್ಬ ಬೇಡರವನು! ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಇಷ್ಟೆಲ್ಲ ಬದಲಾದರೂ ಅಡವಿಯ ಇನ್ನೊಂದು ಸೀನನ್ನು ಯಾರೂ ಮುಟ್ಟಲಿಲ್ಲ. ರಾಣಿ ಬಸುರಿ. ಗಂಡ ಯಾತ್ರೆಯಲ್ಲಿ. ತವರಿನವರು ಯಾರೂ ಇಲ್ಲ. ಬಸುರಿಗೆ ತವರಿನವರು ಉಡಿ ತುಂಬುವ ಕುಬಸದ ಹೊತ್ತಿಗೆ ಅವಳು ಸೆರಗೊಡ್ಡಿ ಗಿಡಮರಗಳ ಮುಂದೆ ನಿಂತು ಹಾಡುತ್ತಾಳೆ: 'ಉಡಿಯೊಡ್ಡಿ ನಿಂತೆನು, ತವರಿಲ್ಲದವಳು'.

ಒಮ್ಮೆ ಕಮಲಾಪುರದ ಕ್ಯಾಂಪಿನಲ್ಲಿ ಈ ಹಾಡು ನಡೆದಾಗ ಮಹಾಗಾಂವದ ಒಬ್ಬ ಮುದುಕಿ ಎದ್ದಳಂತೆ. ಕಣ್ಣೀರು ಸುರಿಸುತ್ತ ನೇರ ಸ್ಟೇಜ್ ಹತ್ತಿದಳು. ಮೊಮ್ಮಕ್ಕಳಿಗೆಂದು ಕೊಂಡಿದ್ದ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬಸಲಿಂಗಪ್ಪನ ಸೆರಗಿಗೆ ಹಾಕಿ, "ನಾ ಇದ್ದೀನಿ ಅಳಬ್ಯಾಡ ನಮ್ಮವ್ವಾ" ಎಂದಳು. ಟೆಂಟಿಗೆ ಟೆಂಟೇ ಅತ್ತಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಆ ಹಾಡು ಬಂದ ಕೂಡಲೇ ಆಟ ನಿಲ್ಲುತ್ತದೆ, ಹಾರ್ಮೋನಿಯಂ ನಿಲ್ಲುವುದಿಲ್ಲ. ಮುತ್ತೈದೆಯರು ಸಾಲಾಗಿ ಬಂದು ರಾಣಿಯ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ರವಿಕೆಯ ಖಣ, ಕೆಂಪು ಬಾಳೆಹಣ್ಣು. ನಮ್ಮವ್ವ ಒಂದು ಸಲವೂ ತಪ್ಪಿಸಿದವಳಲ್ಲ.

ಇಂಥ ಜನರ ಮೇಲೆ ಈಗ ನನಗೆ ಸಿಟ್ಟು. ಏಕೆ ಎನ್ನುತ್ತೀರಾ? ಕೇಳಿ.

ಬಸಲಿಂಗಪ್ಪನ ಗಂಟಲು ಹೋಯಿತು. ಎಷ್ಟು ವರ್ಷ ಅಂತ ಗಂಡಸಿನ ಗಂಟಲಲ್ಲಿ ಹೆಣ್ಣಿನ ದನಿ ಎಳೆಯುವುದು? ಮೇಲಿನ ಸ್ವರಕ್ಕೆ ಹೋದರೆ ಒಡಕು ಬಿದಿರು. ಅವನೇ ಮುಂದೆ ನಿಂತು ನೀಲಾಬಾಯಿ ಎಂಬ ಹೆಣ್ಣುಮಗಳನ್ನು ತಯಾರು ಮಾಡಿದ. ಹಾಡು, ನಡಿಗೆ, ಅಳು, ಎಲ್ಲವನ್ನೂ ಹೇಳಿಕೊಟ್ಟ. ಆಕೆ ಹಾಡುವ ಮನೆತನದಿಂದ ಬಂದವಳು, ಆ ಮನೆಗಳಲ್ಲಿ ಹೆಣ್ಣಿಗೆ ತಾಳಿ ಕಟ್ಟುವ ಪದ್ಧತಿಯಿಲ್ಲ. ರಿಹರ್ಸಲ್ಲಿನಲ್ಲಿ ನಾನು ಕೇಳಿದ್ದೇನೆ. ಅಂಥ ದನಿ ನಮ್ಮ ಕಡೆ ಹುಟ್ಟಿದ್ದಕ್ಕೆ ನಾವು ಪುಣ್ಯ ಮಾಡಿದ್ದೆವು.

ಪಾರ್ಟು ಬಿಟ್ಟುಕೊಟ್ಟ ದಿನದಿಂದ ಬಸಲಿಂಗಪ್ಪ ಮೀಸೆ ಬಿಟ್ಟ. ಅವನ ಸಂತೋಷ ನೋಡಬೇಕಿತ್ತು. "ನನ್ನ ಮದುವ್ಯಾಗೂ ಮೀಸಿ ಇರಲಿಲ್ರಿ. ಈಗ ಮಗಳು ಎಳದು ನೋಡ್ತಾಳ, ಖರೇ ಅದನೋ ಅಂಟಿಸ್ಯಾನೋ ಅಂತ" ಎನ್ನುತ್ತಿದ್ದ. ದಿನವೂ ಎಣ್ಣೆ ಹಚ್ಚುತ್ತಿದ್ದ.

ಆದರೆ ಕಂಪನಿಯ ಮಾಲಕರಿಗೆ ಅಂಜಿಕೆ. ಹೆಣ್ಣು ಹೆಣ್ಣಿನ ಪಾರ್ಟು ಮಾಡಿದರೆ ಮನೆತನಸ್ಥರು ಬಂದಾರೆಯೇ? ಕಮಲಾಪುರದ ಸಂತೆಯ ದಿನ ಆಕೆಯ ಮೊದಲ ಆಟ. ಮಧ್ಯಾಹ್ನ ಟೆಂಟಿನ ಹಿಂದೆ ನಾವೆಲ್ಲ ಚಹಾ ಕುಡಿಯುತ್ತಿದ್ದಾಗ ಮಾಲಕರು ನೀಲಾಬಾಯಿಗೆ ನೇರವಾಗಿ ಹೇಳಿದರು:

"ನೋಡವಾ, ಈ ಊರಾಗ ಉಡಿ ತುಂಬಿದ್ರ ಪಾರ್ಟ್ ಕಾಯಂ ನಿಂದು. ಇವತ್ತ ಯಾರೂ ಏಳಲಿಲ್ಲಂದ್ರ ನಾಳಿಗಿ ನೀ ಸ್ಟೇಜ್ ಹತ್ತಬ್ಯಾಡ."

ಆಕೆ ಚಹಾದ ಬಟ್ಟಲು ಕೆಳಗಿಟ್ಟಳು. "ಏಳ್ತಾರ್ರಿ" ಎಂದಳು. "ಹಾಡು ಕೇಳಿ ಹ್ಯಾಂಗ ಏಳಂಗಿಲ್ಲ?"

ಹೊತ್ತು ಮುಳುಗುವಾಗ ಆಟ ಶುರುವಾಯಿತು. ಟೆಂಟು ತುಂಬಿತ್ತು. ಒಂದು ಪಕ್ಕಕ್ಕೆ ಪರದೆ ಕಟ್ಟಿ ಹೆಂಗಸರ ಜಾಗ. ನಮ್ಮವ್ವ ಕಲಬುರಗಿಯಿಂದ ನನ್ನ ಜೊತೆ ಗಾಡಿಯಲ್ಲಿ ಬಂದು, ಉಡಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅಲ್ಲಿಯೇ ಕೂತಿದ್ದಳು. ಅಡವಿಯ ಸೀನ್ ಬಂತು. ನೀಲಾಬಾಯಿ ಸೆರಗೊಡ್ಡಿದಳು, ಹಾಡು ಎತ್ತಿದಳು. ಗ್ಯಾಸ್‌ಬತ್ತಿಯ ಸುಯ್ ಎನ್ನುವ ಸದ್ದು ಬಿಟ್ಟರೆ ಟೆಂಟಿನಲ್ಲಿ ಇನ್ನೊಂದು ಸದ್ದಿಲ್ಲ. ಪಕ್ಕದ ಪರದೆಯ ಆಚೆ ಮೂಗು ಒರೆಸಿಕೊಳ್ಳುವುದು ಕೇಳುತ್ತಿತ್ತು. ನಮ್ಮವ್ವನೂ ಅಳುತ್ತಿದ್ದಳು, ಆ ಮೂಗಿನ ಸದ್ದು ನನಗೆ ಗೊತ್ತು.

ಹಾಡು ಮುಗಿಯಿತು. ಹಾರ್ಮೋನಿಯಂ ಕಾಯುತ್ತ ನುಡಿಯಿತು.

ಯಾರೂ ಏಳಲಿಲ್ಲ.

ಗಂಡಸರ ಕಡೆಯಿಂದ ಕೂಗು ಬಂತು, "ಒನ್ಸ್ ಮೋರ್!" ಅವಳು ಮತ್ತೆ ಹಾಡಿದಳು. ಸೆರಗು ಹಿಡಿದೇ ಇದ್ದಳು, ಬರಿದು. ಮತ್ತೆ "ಒನ್ಸ್ ಮೋರ್!" ಮತ್ತೆ ಹಾಡಿದಳು. ನಮ್ಮ ಗಂಡಸರಿಗೆ ಎಷ್ಟು ಕೇಳಿದರೂ ಸಾಲದು. ನಮ್ಮ ಹೆಂಗಸರಿಗೆ ಎಷ್ಟು ಅತ್ತರೂ ಸಾಲದು. ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಇಡಲು ಮಾತ್ರ ಒಬ್ಬರಿಗೂ ಕಾಲಿಲ್ಲ! ಪರದೆ ಹರಿದು ಅವ್ವನ ಕೈಯಿಂದ ತಟ್ಟೆ ಕಸಿದುಕೊಳ್ಳೋಣ ಎನಿಸಿತು. ಆದರೆ ಗಂಡಸು ಉಡಿ ತುಂಬಿದರೆ ಅದು ಉಡಿಯಾಗುತ್ತದೆಯೇ?

ಆಗ ಪಕ್ಕದ ವಿಂಗಿನಿಂದ ಬಸಲಿಂಗಪ್ಪ ಬಂದ. ಧೋತರ, ಅಂಗಿ, ಹೆಗಲ ಮೇಲೆ ಶಲ್ಯ, ಎಣ್ಣೆ ಹಚ್ಚಿದ ಮೀಸೆ. ಹೆಂಗಸರ ಕಡೆ ತಿರುಗಿ ಕೈ ಮುಗಿದ.

"ತಾಯಂದಿರಽ, ಇಷ್ಟ ವರ್ಷ ನನಗ ಉಡಿ ತುಂಬೀರಿ. ಈಕಿ ನನ್ನ ಕೈಯಾಗ ಕಲತಾಕಿ. ನನಗ ಕೊಟ್ಟದ್ದು ಈಕಿಗಿ ಕೊಡ್ರಿ."

ಪರದೆ ಅಲುಗಿತು. ಮೊದಲು ಹೊರಬಂದವಳು ನಮ್ಮವ್ವ! ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನನಗೆ ಎದ್ದು ಕುಣಿಯಬೇಕೆನಿಸಿತು. ನೀಲಾಬಾಯಿ ಸೆರಗನ್ನು ಇನ್ನಷ್ಟು ಅಗಲಿಸಿ ಹಿಡಿದಳು. ಅವ್ವ ಸ್ಟೇಜ್ ಹತ್ತಿದಳು. ನೀಲಾಬಾಯಿಯ ಮುಂದೆಯೇ ಹಾದುಹೋದಳು. ಬಸಲಿಂಗಪ್ಪನ ಮುಂದೆ ನಿಂತು, ಅವನ ಶಲ್ಯದ ತುದಿ ಹಿಡಿದು ಅಗಲಿಸಿ, ತಟ್ಟೆಯಲ್ಲಿದ್ದುದನ್ನೆಲ್ಲ ಅದರಲ್ಲಿ ಸುರಿದಳು.

"ಅವ್ವಾ, ನನಗಲ್ಲ..." ಎಂದ ಅವನು.

"ನಿನಗಽ ನಮ್ಮವ್ವಾ, ನಿನಗಽ" ಎಂದಳು ನಮ್ಮವ್ವ. ಮೀಸೆಯ ಗಂಡಸಿಗೆ! ಕೆನ್ನೆ ಸವರಿ ದೃಷ್ಟಿ ತೆಗೆದಳು. ಹಿಂದಿನವರೂ ಒಬ್ಬರಾದ ಮೇಲೊಬ್ಬರು ಬಂದು ಅಲ್ಲಿಯೇ ಸುರಿದರು. ಒಬ್ಬಳು ಹಣೆಗೆ ಕುಂಕುಮವನ್ನೂ ಹಚ್ಚಿದಳು. ಪಕ್ಕದಲ್ಲಿ, ಕೈಯಳತೆಯಲ್ಲಿ, ಬಸುರಿ ರಾಣಿ ಬರೀ ಸೆರಗು ಹಿಡಿದು ನಿಂತಿದ್ದಳು. ಹಾರ್ಮೋನಿಯಂ ಮಾಸ್ತರು ತಾವಾಗಿಯೇ ಕೈ ತೆಗೆದರು.

ಬಸಲಿಂಗಪ್ಪ ಕೆಂಪಾದ ಕಣ್ಣಲ್ಲಿ ಸುತ್ತ ನೋಡಿದ. ಆಮೇಲೆ ಶಲ್ಯದಲ್ಲಿದ್ದುದನ್ನೆಲ್ಲ ನೀಲಾಬಾಯಿಯ ಸೆರಗಿಗೆ ಸುರಿದುಬಿಟ್ಟ.

ಆಗ ಎದ್ದಿತು ನೋಡಿ ಗದ್ದಲ! "ನಮ್ಮ ಉಡಿ ಆಕಿಗಿ ಯಾಕ ಹಾಕ್ದಿ?" "ಮುತ್ತೈದೇರ ಉಡಿ ಮೈಲಿಗಿ ಮಾಡ್ದಿ!" ಈಗತಾನೆ ಹಾಡಿಗೆ ಅತ್ತವರೇ ಇವರು. ಇನ್ನೂ ಕೆನ್ನೆ ಒಣಗಿರಲಿಲ್ಲ.

ನೀಲಾಬಾಯಿ ಯಾರನ್ನೂ ಬಯ್ಯಲಿಲ್ಲ. ಸೆರಗು ಬಿಟ್ಟಳು. ಬಾಳೆಹಣ್ಣು, ಕೊಬ್ಬರಿ ಹಲಗೆಯ ಮೇಲೆ ಉರುಳಿದವು. ಅವುಗಳನ್ನು ದಾಟಿಕೊಂಡು ಮುಂದೆ ಬಂದು, ಆಟವನ್ನು ಕೊನೆಯವರೆಗೂ ಆಡಿದಳು. ಒಂದು ಸ್ವರ ತಪ್ಪಲಿಲ್ಲ.

ಮರಳಿ ಬರುವಾಗ ಗಾಡಿಯಲ್ಲಿ ಅವ್ವನನ್ನು ಕೇಳಿದೆ. ದನಿ ಎತ್ತಿಯೇ ಕೇಳಿದೆ.

"ಆಕಿ ಕೊರಳಾಗ ತಾಳಿ ಅದ ಏನಪಾ?" ಎಂದಳು.

"ಇತ್ತಲ್ಲವ್ವಾ. ಕಂಪನಿ ಪೆಟಗೀದು. ಬಸಲಿಂಗಪ್ಪ ಕಟಗೋತಿದ್ದದ್ದೂ ಅದಽ."

"ಅವ ಮುತ್ತೈದಿ ಪಾರ್ಟ್ ಮಾಡತಿದ್ದ."

"ಈಕಿ ಮತ್ತೇನ ಮಾಡಿದಳು?"

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಅವ ಮರ್ಯಾದಸ್ಥರ ಮನಿ ಮಗ" ಎಂದಳು.

ನನ್ನವ್ವ ಕೆಟ್ಟವಳಲ್ಲ. ಓಣಿಯಲ್ಲಿ ಯಾರ ಮನೆಯ ಹೆರಿಗೆಗೂ ಅವಳೇ ಮೊದಲು ಓಡುತ್ತಾಳೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ಕೆಟ್ಟವರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಒಡೆಯುವ ಗಂಟಲಿನ ಗಂಡಸು ಸೀರೆ ಉಟ್ಟು ಸುಳ್ಳು ಹೊಟ್ಟೆ ಕಟ್ಟಿಕೊಂಡರೆ ಅವನು ನಮ್ಮ ಮಗಳು. ಹೆಣ್ಣೇ ಬಂದು ಅದೇ ಸೀರೆ ಉಟ್ಟು ಅದೇ ಹಾಡು ಹಾಡಿದರೆ ಅವಳು ಯಾರ ಮನೆಯವಳು ಎಂದು ವಿಚಾರಿಸುತ್ತೇವೆ. ಅದೂ ಎಂಥ ಹಾಡಿಗೆ? ತನಗೆ ಯಾರೂ ಇಲ್ಲ ಎಂದು ಹಾಡಿದವಳಿಗೆ!

ಈಗ ಕ್ಷೌರದಂಗಡಿಗೆ ವಾಪಸ್ ಬನ್ನಿ. ಮೀಸೆ ಪೂರ್ತಿ ಹೋಗಿತ್ತು. ಬಸಲಿಂಗಪ್ಪ ತನ್ನ ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮಾಲಕರು ಆಡಿದ ಮಾತಿನಂತೆ ನಡೆದುಕೊಂಡಿದ್ದರು. ಕಲಬುರಗಿಯಲ್ಲಿ ಈ ಶನಿವಾರದಿಂದ ಮತ್ತೆ ಆಟ. 'ಮನೆತನಸ್ಥ ಹೆಂಗಸರ ಕೋರಿಕೆಯಂತೆ' ಎಂದು ಹ್ಯಾಂಡ್‌ಬಿಲ್ಲೂ ಹಂಚಿಯಾಗಿದೆ.

"ನೀ ಒಲ್ಲೆ ಅನಬೇಕಿತ್ತು" ಎಂದೆ.

"ಅಂದಿನ್ರಿ. ಹಂಗಾದ್ರ ಆಕೀನೂ ಕಂಪನಿ ಬಿಡಬೇಕು ಅಂದ್ರು."

"ಮತ್ತ ಹಾಡು? ನಿನ್ನ ಗಂಟಲಾಗ ಹಾಡು ಎಲ್ಲದ?"

ಅವನು ಅಂಗಡಿಯವನ ಕಡೆ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದ.

"ಅಡವಿ ಪರದಿ ಹಿಂದ ಪೆಟಗಿ ಮ್ಯಾಲ ಆಕೀನ್ನ ಕೂಡಿಸ್ತಾರ್ರಿ. ಆಕಿ ಹಾಡತಾಳ, ನಾ ಮುಂದ ಬಾಯಿ ಆಡಸ್ತೀನಿ. ನಿನ್ನೆ ರಿಹರ್ಸಲ್ ಆತು. ಒನ್ಸ್ ಮೋರ್ ಬಂದ್ರ ನಾ ಕೈ ಮುಗೀಬೇಕು, ಆಕಿ ಮತ್ತ ಹಾಡಬೇಕು."

"ಇದನ್ನ ನಾ ಬರೀತೀನಿ" ಎಂದೆ. ಸಿಟ್ಟಿನಲ್ಲಿ ಅಂದೆ. ಬರೆದರೆ ಅವನ ಹೆಸರು ಏನಾಗುತ್ತದೆಂದು ಆಮೇಲೆ ಹೊಳೆಯಿತು.

"ಬರೀರಿ" ಎಂದ. "ನನ್ನ ಹೆಸರ ಹೋದ್ರ ಹೋಗ್ಲಿ. ನಾ ಆಕೀಗಿ ಸೀರಿ ಉಡೂದ ಕಲಿಸೀನಿ. ಈಗ ಆಕಿ ಬಂದು ನನಗ ಉಡಸ್ತಾಳ್ರಿ. ಆಕಿ ಮಾರಿ ನೋಡಾಕ ಆಗವಲ್ದು."

ಬರೆದಿದ್ದೇನೆ. ಶನಿವಾರ ನಮ್ಮವ್ವ ಹೋಗುತ್ತಾಳೆ, ಆಗಲೇ ಖಣ ತಂದಿಟ್ಟಿದ್ದಾಳೆ. ನೀವೂ ಹೋಗುತ್ತೀರಿ, ನನಗೆ ಗೊತ್ತು. ಹಾಡು ಕೇಳಿ ಅಳುತ್ತೀರಿ, ಬೋಳಿಸಿದ ಮುಖ ಸವರಿ ಉಡಿ ತುಂಬುತ್ತೀರಿ, ಕಂಠ ಬಿಚ್ಚಿ ಒನ್ಸ್ ಮೋರ್ ಎನ್ನುತ್ತೀರಿ.

ಯಾರಿಗೆ?