ಮೂರನೆಯ ತುಂಡು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಹೆಗಲ ಮೇಲೆ ಕ್ಯಾಮೆರಾ ಹೊತ್ತು ವರ್ಷಗಟ್ಟಲೆ ಮದುವೆಗಳನ್ನು ತೆಗೆದೂ ತೆಗೆದೂ, ಕ್ಯಾಮೆರಾ ಇಲ್ಲದಾಗಲೂ ಆ ರೆಪ್ಪೆ ಹಾಗೇ ನಿಂತುಬಿಟ್ಟಿತ್ತು. ಎಡಗಣ್ಣೋ ಬಲಗಣ್ಣೋ, ಪ್ರಮಾಣ ಮಾಡಲಾರೆ. ಅವರ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೆ ಕಾರಣ ಅವರೇ.

ತೊಂಬತ್ತರ ದಶಕದ ಕೊನೆಗೆ, ಸಿಂಧನೂರಿನ ಅವರ ವಿಡಿಯೋ ಅಂಗಡಿಯ ಹಿಂದಿನ ಕೋಣೆ ಕಂಪ್ಯೂಟರ್ ಸೆಂಟರ್ ಆಯಿತು. ತುರ್ವಿಹಾಳದಿಂದ ಬಸ್ಸಿನಲ್ಲಿ ಬಂದು ನಾನು ಅಲ್ಲೇ ಕಲಿತೆ. ಎಲ್ಲರಿಗೂ ಅವರು ಸರ್. ಹೈದರಾಬಾದಿಗೆ ಹೋದಾಗಲೆಲ್ಲ ವಿಡಿಯೋ ನೋಡುವ ಹೊಸ ಹೊಸ ಪ್ಲೇಯರ್ ಸಾಫ್ಟ್‌ವೇರುಗಳನ್ನು ತರುತ್ತಿದ್ದರು. ಪ್ರತಿಯೊಂದರಲ್ಲೂ ಓಡಿಸುವುದು ಒಂದೇ ಚಿತ್ರ, ಅವರ ಸಣ್ಣ ಮಗಳು ಮಗ್ಗಿ ಹೇಳುವುದು.

"ಚಿತ್ರ ಯಾವದರಾಗಾದ್ರೂ ಬರ್ತೈತಿ, ತಂಗಿ. ಮಾತು ತುಟಿಗೆ ಕೂಡಬೇಕು." ಕೂಡದಿದ್ದರೆ, "ಇದು ಸುಳ್ಳು ಹೇಳಾಕತ್ತೈತಿ, ತಗದು ಹಾಕು," ಎನ್ನುತ್ತಿದ್ದರು. ಕೊನೆಗೆ ಒಂದೇ ಒಂದು ಪ್ಲೇಯರ್ ಉಳಿಸಿಕೊಂಡರು.

ಅವ್ವ ಅವರಿಗೆಂದು ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ, ಕಟ್ಟಿಕೊಡುತ್ತಿದ್ದಳು. ಡಬ್ಬಿ ತೆರೆದು, ಬೆರಳಿನಿಂದ ಒಂದಿಷ್ಟು ನೆಕ್ಕಿ, "ನಿಮ್ಮವ್ವಾರ ಕೈಗೆ ಏನು ಕೊಟ್ರೂ ಕಡಿಮಿ," ಎಂದು ಮುಚ್ಚಳ ಒತ್ತುತ್ತಿದ್ದರು.

ಮಸ್ಕಿಯಲ್ಲಿ ಬೀಗರ ಊರಲ್ಲೇ ಅಕ್ಕನ ಮದುವೆ ಆಯಿತು. ಕ್ಯಾಮೆರಾ ಹಿಡಿದವರು ಸರ್. ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದ. ಸರ್ ಆ ಕ್ಯಾಸೆಟ್ಟನ್ನು ಹೈದರಾಬಾದಿನಲ್ಲಿ ಸೀಡಿಗೆ ಹಾಕಿಸಿ ತಂದ ದಿನ, ಅವ್ವ ಅವರ ಸೆಂಟರಿಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು.

"ತಡೀರಿ, ಈಗ ಬರ್ತೀನಿ ನಾನು. ಅಕ್ಕಿಕಾಳು ಹಾಕೀನಿ."

ಮದುಮಕ್ಕಳು ಹಸೆಯ ಮೇಲೆ ಕೂತರು. ಇನ್ನು ಅಕ್ಷತೆ ಹಾಕುವುದು ಬರಬೇಕು, ಮರುಕ್ಷಣ ಪಂಕ್ತಿಯ ಊಟ ಬಂತು.

"ನಾ ಎಲ್ಲಿ ಹೋದ್ನಿ?"

"ಅಕ್ಕಿಕಾಳಿನ ಹೊತ್ತಿಗೆ ಬ್ಯಾಟರಿ ಹೋಗಿತ್ರಿ, ಅವ್ವಾರ," ಎಂದರು ಸರ್. ಅವ್ವನ ಸಮಾಧಾನಕ್ಕೆ ಹಿಂದೆ ಮುಂದೆ ಓಡಿಸಿ ಹುಡುಕಿದರು. ಸೀಡಿ ಕೊಡುವಾಗ ನನಗೆ ಹೇಳಿದರು, "ಬ್ಯಾರೆ ಪ್ಲೇಯರ್‌ದಾಗ ಹಾಕಬ್ಯಾಡ, ತಂಗಿ. ಡಿಸ್ಕ್ ಖರಾಬ್ ಆಗ್ತೈತಿ."

ನಂಬಿದೆ. ಅವರು ಹೇಳಿದ್ದರಲ್ಲಿ ನಾನು ನಂಬದೆ ಇದ್ದದ್ದು ಯಾವುದು?

ಅಕ್ಕ ತವರಿಗೆ ಬಂದಾಗಲೆಲ್ಲ ಈ ಮಾತು ಎದ್ದೇ ಏಳುತ್ತಿತ್ತು. "ನೀ ಅಡಿಗಿಮನ್ಯಾಗ ಇದ್ದಿ ಬೇ, ಅಕ್ಕಿಕಾಳು ಎಲ್ಲಿ ಹಾಕಿದಿ?" ಎಂದು ಅಕ್ಕ ನಗುವಳು. ಅವ್ವ ಜಗಳವಾಡುವಳು. ವಿಚಿತ್ರವೆಂದರೆ, ಸ್ವಲ್ಪ ದಿನಕ್ಕೆ ನನ್ನ ನೆನಪಿನಲ್ಲೂ ಅವ್ವ ಆ ಹೊತ್ತಿಗೆ ಅಡುಗೆಮನೆಯಲ್ಲೇ ಕಾಣತೊಡಗಿದಳು. ಹೊಗೆ, ಸೌಟು, ಹಸಿರು ಸೀರೆ, ಎಲ್ಲವೂ ಸ್ಪಷ್ಟ. ಕಡೆಗೆ ಅವ್ವನೇ ಸೋತಳು. "ಹಾಕಿಲ್ಲೇನೋ. ನನಗ ಹಂಗ ಅನಿಸಿರಬೇಕು," ಎಂದು ಒಂದು ದಿನ ಅಂದವಳು ಮತ್ತೆ ಆ ಮಾತು ಎತ್ತಲಿಲ್ಲ. ಬೇರೆ ಮಾತುಗಳನ್ನೂ ಕಡಿಮೆ ಮಾಡಿದಳು. ಒಲೆ ಆರಿಸಿದೆನೇ, ಬಾಗಿಲು ಹಾಕಿದೆನೇ ಎಂದು ನನ್ನನ್ನು ಕೇಳತೊಡಗಿದಳು.

ಸರ್ ಕಲಿಸಿದ ವಿದ್ಯೆಯಿಂದ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿನ ಕಂಪ್ಯೂಟರಿನಲ್ಲಿ ಇದ್ದದ್ದು ಅದರ ಜೊತೆಗೇ ಬಂದ ಸಾದಾ ಪ್ಲೇಯರ್. ಸೀಡಿ ಹಾಕಲು ಬಹಳ ದಿನ ಹೆದರಿದೆ. "ಏನೂ ಆಗಂಗಿಲ್ಲ, ಹಾಕ್ರಿ ಮೇಡಂ," ಎಂದು ಜೊತೆಯವರು ನಕ್ಕರು.

ಏನೂ ಆಗಲಿಲ್ಲ. ಮದುವೆ ಸೀಡಿಯಲ್ಲಿ ಐದು ತುಂಡಾಗಿತ್ತು. ಸರ್ ತಮ್ಮ ಪ್ಲೇಯರು ಮೂರನೆಯ ತುಂಡನ್ನು ದಾಟಿ ಹೋಗುವಂತೆ ಹೊಂದಿಸಿಟ್ಟಿದ್ದರು. ಈ ಸಾದಾ ಪ್ಲೇಯರಿಗೆ ಅದೆಲ್ಲ ಗೊತ್ತಿರಲಿಲ್ಲ.

ಮೂರನೆಯ ತುಂಡಿನಲ್ಲಿ ಅವ್ವ ಮುಷ್ಟಿ ತುಂಬ ಅಕ್ಕಿ ಹಿಡಿದು ಹಸೆಯ ಹತ್ತಿರ ಬರುತ್ತಾಳೆ. ಕ್ಯಾಮೆರಾದ ಹಿಂದಿನಿಂದ ಸರ್ ದನಿ: "ಏ, ಆ ಅವ್ವಾರನ್ನ ಹಿಂದ ಸರಸ್ರಿ. ಫ್ರೇಮಿನ್ಯಾಗ ಬರಾಕತ್ತಾರ. ಮುತ್ತೈದೇರು ಮುಂದ ಬರ್ರಿ." ಯಾರೋ ಅವ್ವನ ರಟ್ಟೆ ಹಿಡಿದು ಎಳೆಯುತ್ತಾರೆ. ಆಮೇಲೆ ಜನರ ತಲೆಗಳ ಮೇಲಿಂದ ಬಳೆಯಿಲ್ಲದ ಒಂದು ಕೈ ಮೇಲೆದ್ದು ಅಕ್ಕಿ ಎರಚುತ್ತದೆ.

ಮೊದಲ ಬಸ್ಸಿಗೆ ಸಿಂಧನೂರಿಗೆ ಹೋಗಿ, ಮೂರನೆಯ ತುಂಡು ನೋಡಿದೆ ಎಂದೆ.

"ಅವ್ವಾರು ಹಸಿ ಹತ್ರ ಬರಬಾರದು ಅಂತ ಬೀಗರು ಮೊದ್ಲ ಹೇಳಿದ್ರು, ತಂಗಿ," ಎಂದರು ಸರ್.

"ಬ್ಯಾಟರಿ ಅಂದ್ರಲ್ರಿ?"

"ಅವ್ವಾರ ಮುಂದ ನನ್ನ ದನಿ ಹೆಂಗ ಕೇಳಿಸ್ಲಿ? ಅವರ ಹಿಂಡಿ ತಿಂದಾಂವ ನಾನು."

"ಅದಕ್ಕ ಆಕಿ ತಲಿ ಕೆಟ್ಟಾಕಿ ಆಗಬೇಕಿತ್ತೇನ್ರಿ?"

ಅವರು ಮೌಸಿನ ವೈರು ಸುತ್ತುತ್ತ ಕೂತರು. ಹುಡುಗಿಯರು ಕ್ಲಾಸಿಗೆ ಬಂದರು. ನಾನು ಎದ್ದೆ.

ರವಿವಾರ ಅವ್ವನನ್ನು ಲಿಂಗಸುಗೂರಿಗೆ ಕರೆತಂದು ದನಿ ಕೇಳದಂತೆ ಸ್ಪೀಕರ್ ಬಂದ್ ಮಾಡಿ ಆ ತುಂಡು ತೋರಿಸಿದೆ. ಪರದೆಗೆ ಬೆರಳು ಮುಟ್ಟಿಸಿ ಅವ್ವ, "ನನ್ನ ಕೈ ನೋಡು," ಎಂದಳು. ಮತ್ತೊಮ್ಮೆ ಹಾಕಿಸಿಕೊಂಡಳು. "ಪಾಪ, ಸರ್ ಅವತ್ತು ಎಷ್ಟ್ ಹುಡುಕಿದ್ರು. ಸಿಕ್ಕೈತಿ ಅಂತ ಹೇಳಿ ಬಾ."

ನಾನು ಹೋಗಲಿಲ್ಲ. ಎರಡು ಬೇಸಿಗೆ ಕಳೆದ ಮೇಲೆ ಸರ್ ಎದೆನೋವಿನಿಂದ ತೀರಿಕೊಂಡರೆಂದು ಸುದ್ದಿ ಬಂತು. ಅವ್ವ ಹಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋದಳು. ಹೂವಿನೊಳಗೆ ಮುಖವಷ್ಟೇ ಕಾಣುತ್ತಿತ್ತು. ಅವ್ವ ಬಾಗಿ ಅವರ ಕಾಲು ಮುಟ್ಟಿದಳು.

"ನೀವು ಹುಡುಕಿದ್ದು ಸಿಕ್ತ್ರಿ, ಸರ್. ಈ ಹುಡುಗಿ ನಿಮಗ ಹೇಳಾಕ ಬರಲೇ ಇಲ್ಲ."

ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸುತ್ತ ನನ್ನ ಕಡೆ ತಿರುಗಿದರು. "ಏನು ಹುಡುಕಿದ್ರವಾ ಅವರು?"

"ಬ್ಯಾಟರಿ ಹೋದಾಗಿಂದು ರೀ," ಎಂದೆ.