ಅರ್ಧ ಗಂಟೆಯ ದಾರಿ

ಚಾಮರಾಜಪೇಟೆಯಲ್ಲಿದ್ದ ನಮ್ಮ ಬ್ಯಾಂಕಿನ ಕೇಂದ್ರ ಕಚೇರಿಯಲ್ಲಿ ವರ್ಗಾವಣೆ ನೋಡಿಕೊಳ್ಳುತ್ತಿದ್ದ ಸಾಹೇಬರಿಗೆ ದೇಶವೆಂದರೆ ಗೋಡೆಯ ಮೇಲಿನ ಭೂಪಟ, ಅಷ್ಟೇ. ತೊಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ವರ್ಷ ತುಂಬುವ ಮೊದಲೇ, ನನ್ನನ್ನೂ ಅದೇ ಬ್ಯಾಂಕಿನಲ್ಲಿದ್ದ ನನ್ನ ಗಂಡನನ್ನೂ ಬಡ್ತಿಯ ಹೆಸರಿನಲ್ಲಿ ಈಶಾನ್ಯದ ಎರಡು ಬೇರೆ ಬೇರೆ ಗುಡ್ಡಗಾಡು ಊರುಗಳಿಗೆ ಹಾಕಿದರು. ಇಬ್ಬರನ್ನೂ ಒಂದೇ ಊರಿಗೆ ಹಾಕಿ ಎಂದು ಕೇಳಲು ಹೋದೆ.

ಸಾಹೇಬರು ನನ್ನ ಕಡತ ಕಟ್ಟಿದ್ದ ಲಾಡಿಯನ್ನೇ ಬಿಚ್ಚಿ, ಭೂಪಟದ ಮೇಲೆ ಆ ಊರಿಂದ ಈ ಊರಿಗೆ ಎಳೆದು ಹಿಡಿದು, ಆಮೇಲೆ ಸ್ಕೇಲಿಗೆ ತಾಗಿಸಿ ನೋಡಿದರು. ರವಿಕೆಗೆ ಅಳತೆ ತೆಗೆಯುವ ದರ್ಜಿಯ ಗಾಂಭೀರ್ಯ ಮುಖದಲ್ಲಿತ್ತು.

“ನೂರೈವತ್ತು ಕಿಲೋಮೀಟರೂ ಇಲ್ಲಮ್ಮ. ಎರಡೂ ಕಡೆ ಏರ್‌ಪೋರ್ಟ್ ಇದೆ. ಅರ್ಧ ಗಂಟೆ! ನೀವು ಮಲ್ಲೇಶ್ವರದಿಂದ ಇಲ್ಲಿಗೆ ಬರೋಕೇ ಮುಕ್ಕಾಲು ಗಂಟೆ ಬೇಕಲ್ವಾ?”

“ಆ ಎರಡೂರಿನ ಮಧ್ಯೆ ವಿಮಾನ ಇಲ್ವಲ್ಲ ಸಾರ್.”

“ಏರ್‌ಪೋರ್ಟ್ ಇದ್ಮೇಲೆ ವಿಮಾನ ಇರಲ್ವೇನಮ್ಮ?”

ಇತ್ತು. ಎರಡೂ ಊರಿಂದ ವಾರಕ್ಕೆ ಎರಡು ಮೂರು ಸಲ ಕಲ್ಕತ್ತೆಗೆ ಹಾರುತ್ತಿತ್ತು, ಮೋಡ ಮನಸ್ಸು ಮಾಡಿದರೆ. ಗಂಡನ ಊರಿಗೆ ಹೋಗಬೇಕೆಂದರೆ ನಾನು ಮೊದಲು ಕಲ್ಕತ್ತೆಗೆ ಹೋಗಿ, ಅಲ್ಲಿ ದಿನಗಟ್ಟಲೆ ಕಾದು, ಬಂದ ದಿಕ್ಕಿಗೇ ವಾಪಸ್ಸು ಹಾರಬೇಕು. ರಸ್ತೆಯ ಮಾತೇ ಬೇಡ. ಮಳೆಗೆ ಗುಡ್ಡ ಕುಸಿದು ಅದು ಮುಚ್ಚಿರುತ್ತಿದ್ದ ದಿನಗಳೇ ಹೆಚ್ಚು. ಅಲ್ಲಿಗೆ ಹೋಗಿ ಸೇರಿ ನಾಲ್ಕು ತಿಂಗಳಾದರೂ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನನಗೆ ಅಳು ಬರುತ್ತಿತ್ತು. ಆ ಲಾಡಿ ನೆನಪಾದರೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಊರಿಗೆ ಹಾಕಿ ಎಂದು ಈ ಸಲ ಅರ್ಜಿಯನ್ನೇ ಬರೆದೆ.

ಅಷ್ಟರಲ್ಲಿ ಸಾಹೇಬರೇ ತಪಾಸಣೆಗೆ ಬರುತ್ತಾರೆಂದು ತಿಳಿಯಿತು. ಸೋಮವಾರ ಬೆಳಿಗ್ಗೆ ಗಂಡನ ಶಾಖೆ, ಸಂಜೆ ನಾಲ್ಕಕ್ಕೆ ನನ್ನ ಶಾಖೆ. ನಡುವೆ ಊಟಕ್ಕೂ ಹೊತ್ತು ಇಟ್ಟುಕೊಂಡಿದ್ದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ತೆಗೆದುಕೊಂಡ ಹಾಗೆ ಟಿಕೆಟನ್ನು ಅಲ್ಲೇ ತೆಗೆದುಕೊಂಡರಾಯಿತು ಎಂದುಕೊಂಡಿದ್ದರಂತೆ.

ಮನೆಯಿಂದ ತಂದಿದ್ದ ಕಾಫಿಪುಡಿಯ ಕೊನೆಯ ಪೊಟ್ಟಣ ಒಡೆದು ಕಾದೆ. ಸಾಹೇಬರು ಬಂದದ್ದು ಶುಕ್ರವಾರ. ಗಡ್ಡ ಬೆಳೆದಿತ್ತು. ಒಂದು ದಿನದ ಕೆಲಸವೆಂದು ಬದಲಿ ಬಟ್ಟೆಯನ್ನೇ ತಾರದಿದ್ದ ಅವರು ಹಾಕಿಕೊಂಡಿದ್ದದ್ದು ನನ್ನ ಗಂಡನ ನೀಲಿ ಗೆರೆಯ ಶರ್ಟು; ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ಗಂಡನಿಗೆ ಬರಲಾಗದ ಊರಿಗೆ ಅವನ ಶರ್ಟು ಬಂದಿತ್ತು. ಒಂದು ಕ್ಷಣ ಸಾಹೇಬರನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ಕಲ್ಕತ್ತೆ ಸುತ್ಕೊಂಡು ಬಂದೆ. ಏನ್ ಊರುಗಳಮ್ಮ ಇವು!” ಎಂದರು. ಸದ್ಯ, ಈಗಲಾದರೂ ಅರ್ಥವಾಯಿತಲ್ಲ ಎಂದು ಎರಡನೆಯ ಲೋಟ ಕಾಫಿಯನ್ನೂ ನಗುನಗುತ್ತಲೇ ಕೊಟ್ಟೆ. ಹೊರಡುವ ಮುಂಚೆ ಅಲ್ಲಿನ ಪೇಟೆಯಲ್ಲಿ ಹೊಸ ಶರ್ಟು ಕೊಂಡು ಹಾಕಿಕೊಂಡು, ಗಂಡನದನ್ನು ನನ್ನ ಮೇಜಿನ ಮೇಲಿಟ್ಟರು.

“ನಿಮ್ಮ ಯಜಮಾನ್ರಿಗೆ ತಲುಪಿಸ್ಬಿಡಿ.”

ತಿಂಗಳೊಳಗೆ ಚಾಮರಾಜಪೇಟೆಯಿಂದ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಒಂದು ಸುತ್ತೋಲೆ: ಸದರಿ ಎರಡು ಊರುಗಳ ನಡುವಿನ ಪ್ರಯಾಣ ಅತಿ ದೀರ್ಘವೂ ಪ್ರಯಾಸಕರವೂ ಆದ್ದರಿಂದ ಇನ್ನು ಮುಂದೆ ಅವುಗಳ ತಪಾಸಣೆಗೆ ಬೇರೆ ಬೇರೆ ಅಧಿಕಾರಿಗಳನ್ನು ಕಳಿಸತಕ್ಕದ್ದು. ಇನ್ನೊಂದು ನನ್ನ ಅರ್ಜಿಗೆ ಉತ್ತರ: ದಂಪತಿಗಳಿರುವ ಊರುಗಳ ನಡುವೆ ವಿಮಾನದಲ್ಲಿ ಅರ್ಧ ಗಂಟೆಯ ಅಂತರವಷ್ಟೇ ಇರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ. ಎರಡಕ್ಕೂ ಅದೇ ಸಾಹೇಬರ ಸಹಿ.

ಶರ್ಟನ್ನು ಎರಡು ಸಲ ಒಗೆದು, ಇಸ್ತ್ರಿ ಮಾಡಿ, ಗಂಡನಿಗೆ ಅಂಚೆಯಲ್ಲಿ ಕಳಿಸಿದೆ. ಹತ್ತೊಂಬತ್ತನೆಯ ದಿನ ತಲುಪಿತಂತೆ.